ತಂತಿ ಎಷ್ಟು ಜೋತಿತ್ತು

ಲಿಯೆಪಾಯಾದಲ್ಲಿ ಜನವರಿ. ಕಡಲ ಗಾಳಿ
ಕಿಟಕಿಯ ಸಂದಿಗೆ ಬಾಯಿಟ್ಟು ಊದುತ್ತಿದೆ.
ಬ್ರೆಡ್ಡಿನ ಚೀಲದಲ್ಲಿ ಸುತ್ತಿ ಮೋದ್ರಿಸ್ ತಂದ
ಅವನಣ್ಣನ ಗ್ರಾಫಿಕ್ಸ್ ಕಾರ್ಡು
ನನ್ನ ಹಳೆಯದರ ಪಕ್ಕ ಕೂತಿದೆ,
ಹೆಣ್ಣು ನೋಡಲು ಬಂದ ನೆಂಟನ ಹಾಗೆ,
ಮೈ ತುಂಬ ಫ್ಯಾನು, ಮಾತಿಲ್ಲ.

ಒಂದು ರಾತ್ರಿಗೆ ಎರವಲು. ಬೇಕೆನಿಸಿದರೆ
ನಾನೂರು ಯೂರೋ. ಬಂದರಿನ ತೂಕದ ಮನೆಯಲ್ಲಿ
ಕಾಳಿನ ಲಾರಿ ತೂಗುವವಳು ನಾನು;
ಗುಲಗಂಜಿ ಹೆಚ್ಚುಕಡಿಮೆಯಾದರೂ
ಈ ಕಣ್ಣು ಬಿಡುವುದಿಲ್ಲ ಎಂಬ ಜಂಬ ಇತ್ತು.

ಆಟದೊಳಗೊಂದು ಊರು, ಅದಕ್ಕೂ ಟ್ರಾಮು, ಅದಕ್ಕೂ ಹಿಮ.
ನಿಲ್ದಾಣದಲ್ಲಿ ನಮ್ಮ ಸಿಪಾಯಿಯನ್ನು ನಿಲ್ಲಿಸಿ
ಕತ್ತು ಎತ್ತಿಸಿದೆವು. ಮೇಲೆ ತಂತಿ.
ಪರೀಕ್ಷೆ ಇಲ್ಲೇ, ಅಂದ ಮೋದ್ರಿಸ್,
ಸಪೂರವಾದದ್ದೇ ಮೊದಲು ಸಾಯುವುದು.

ಯಂತ್ರ ಬಿಡಿಸುವುದು ಕಾಲು ಭಾಗ ಚಿತ್ರ.
ಮಿಕ್ಕ ಮುಕ್ಕಾಲು ಅಂದಾಜು.
ಒಂದು ಚುಕ್ಕಿ ಕೊಟ್ಟರೆ ನಾಲ್ಕಾಗಿ ತಿರುಗಿಸುವ
ಈ ಲೇವಾದೇವಿ
ನನ್ನಂಥ ಜೇಬಿಗೆಂದೇ ಹುಟ್ಟಿದ್ದು.

ಮೊದಲ ವಿಧಾನಕ್ಕೆ ಈ ಕ್ಷಣವಷ್ಟೇ ಗೊತ್ತು.
ಹಿಂದಿಲ್ಲ, ಮುಂದಿಲ್ಲ. ಅಂಚು ಕಂಡಲ್ಲೆಲ್ಲ
ಸಾಣೆ ಹಿಡಿಯುತ್ತದೆ.
ತಂತಿ ತುಂಡು ತುಂಡಾಗಿ
ಇರುವೆಸಾಲಿನಂತೆ ಆಕಾಶದಲ್ಲಿ ಹರಿದಾಡಿತು.

ಎರಡನೆಯದಕ್ಕೆ ನೆನಪಿದೆ.
ಹೋದ ಫ್ರೇಮು, ಅದರ ಹಿಂದಿನದು, ಅದರ ಹಿಂದಿನದು
ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು
ಒಂದೊಂದೇ ಎಳೆ ಹೆಕ್ಕಿ ಹೊಲಿಯುತ್ತದೆ.
ತಂತಿ ಕೂಡಿತು, ನಿಜ.
ಆದರೆ ಹಾರಿದ ಕಡಲಹಕ್ಕಿಗೆ ಬಾಲಂಗೋಚಿ,
ಟ್ರಾಮು ತಿರುವು ದಾಟಿದ ಮೇಲೂ
ಮೇಲಿನ ತಂತಿ ಎರಡೆರಡಾಗಿ ಮಸುಕು.
ಸತ್ತವರ ಅಂಗಿ ಹಾಗೆ, ಎಂದು ನಕ್ಕೆವು,
ತೆಗೆದಿಡಲು ಯಾರಿಗೂ ಮನಸ್ಸಿಲ್ಲ.

ಮೂರನೆಯದು, ಬ್ರೆಡ್ಡಿನ ಚೀಲದಿಂದ ಬಂದದ್ದು,
ಓದಿಕೊಂಡಿದೆ.
ಲಕ್ಷ ಚಿತ್ರ ನುಂಗಿ ಅರಗಿಸಿಕೊಂಡು
ತಂತಿ ಎಂದರೆ ಹೇಗಿರಬೇಕೆಂದು ಬಾಯಿಪಾಠ.
ಎಂಥ ಗೆರೆ! ಎಂಥ ಹಿಮ! ಸಿಪಾಯಿಯ ಹುಬ್ಬು
ಕೂದಲು ಕೂದಲಾಗಿ ಎಣಿಸಬಹುದು.
ಪೂರ್ತಿ ಬಿಡಿಸಿದ ಚಿತ್ರಕ್ಕಿಂತ ಚೆಂದ.
ಅಲ್ಲೇ ನನಗೆ ಹುಳ ಹೊಕ್ಕಿತು:
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು,
ಸರಿ, ಯಾವ ಪ್ರಮಾಣಕ್ಕೆ ಹಿಡಿದು?

ಹನ್ನೊಂದೂವರೆಗೆ ಬಾಗಿಲು ಬಡಿದರು
ಕೆಳಮನೆಯ ಗುನ್ವಾಲ್ದಿಸ್, ಉಣ್ಣೆಯ ಕಾಲುಚೀಲದಲ್ಲಿ.
"ಏನು, ವಿಮಾನ ಇಳಿಸುತ್ತಿದ್ದೀರಾ?"
ಫ್ಯಾನಿನ ಸದ್ದು. ಕ್ಷಮೆ ಕೇಳಿ ಚಹಾ ಕೊಟ್ಟೆವು.
ಆಮೇಲೆ ನೆನಪಾಯಿತು: ಮೂವತ್ತೊಂದು ವರ್ಷ
ಈ ಊರಿನ ಟ್ರಾಮಿನ ತಂತಿ ಕಟ್ಟಿದ ಮನುಷ್ಯ,
ಏಣಿಗಾಡಿಯ ಮೇಲೆ, ಇದೇ ಗಾಳಿಯಲ್ಲಿ.

ಯಾವುದು ಯಾವುದೆಂದು ಹೇಳದೆ
ಮೂರನ್ನೂ ತೋರಿಸಿದೆವು.

ಮೊದಲನೆಯದಕ್ಕೆ: "ಕಡಿದಿದೆ. ಕರೆಂಟು ನಿಲ್ಲಿಸಿ."
ಮೂರನೆಯದಕ್ಕೆ ಕನ್ನಡಕ ಒರೆಸಿಕೊಂಡರು.
"ಇದನ್ನು ಕಟ್ಟಿದವನು ತಂತಿ ಮುಟ್ಟಿದವನಲ್ಲ.
ಚಳಿಗೆ ತಂತಿ ಬಿಗಿಯಾಗುತ್ತದೆ ಕಣಮ್ಮ.
ನೆಲದಲ್ಲಿ ಮೊಣಕಾಲುದ್ದ ಹಿಮ,
ಮೇಲೆ ಜೋತಿರುವುದು ಜುಲೈ ತಿಂಗಳ ತಂತಿ."
ಮೂರರಲ್ಲೂ ಅದೇ ಜೋಲು, ಅಂದ ಮೋದ್ರಿಸ್ ಮೆಲ್ಲಗೆ.
"ಹೌದು. ಇದರಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೆ."

ಎರಡನೆಯದರ ಮುಂದೆ ಮಾತ್ರ
ಚಹಾ ಆರುವವರೆಗೆ ಕೂತರು.
ಟ್ರಾಮು ಹೋಯಿತು. ತಂತಿ ಎರಡಾಯಿತು.
ಪರದೆಗೆ ತಾಗದಂತೆ ಬೆರಳು ಹಿಡಿದು
ಏನನ್ನೋ ಎಣಿಸಿದರು.
"ಗಾಡಿ ದಾಟಿದ ಮೇಲೆ ನಡುಗುತ್ತಲ್ಲ, ಹೀಗೇ.
ನಿಲ್ಲುವವರೆಗೆ ಕೈ ಹಾಕಬಾರದು.
ಆನ್ಸಿಸ್ ಹಾಕಿದ."

ಆನ್ಸಿಸ್ ಯಾರೆಂದು ನಾವು ಕೇಳಲಿಲ್ಲ.
ಫ್ಯಾನು ತಗ್ಗಿಸಿ ಎಂದು ಇನ್ನೊಮ್ಮೆ ಹೇಳಿ
ಮೆಟ್ಟಿಲಿಳಿದರು.

ಮಸುಕು ಮಸುಕೇ, ಅದು ದೋಷವೇ,
ಎಂದು ವಾದಿಸಿದ ಮೋದ್ರಿಸ್. ಸರಿಯೇ.
ಒಂದು ಗಂಟೆಗೆ ಕಾರ್ಡನ್ನು ಚೀಲಕ್ಕೆ ಹಾಕಿದ,
ಒಳಗಿನ್ನೂ ಚೂರುಪಾರು ರೊಟ್ಟಿಪುಡಿ.

ಬೆಳಗಿನ ಮೊದಲ ಟ್ರಾಮಿಗೆ ಎದ್ದು
ಕಿಟಕಿಗೆ ಹಣೆ ಒತ್ತಿದೆ.
ಬೀದಿದೀಪದ ಅಡ್ಡಕ್ಕೆ ತಂತಿ, ಬಿಗಿ.
ಗಾಡಿ ದಾಟಿತು. ಒಂದು ಎರಡಾಯಿತು,
ಎರಡು ಒಂದೂವರೆ, ಇನ್ನೂ ನಿಲ್ಲದು, ಇನ್ನೂ.
ನನ್ನ ಕನ್ನಡಕ
ಮೇಜಿನ ಮೇಲೇ ಇತ್ತು.